ಬಕೆಟ್ಟಿನ ಸದ್ದು: ಸ್ಪರ್ಶ ಕಳೆದುಕೊಂಡ ಎಡಗೈ ಮತ್ತೆ ಹಾಲು ಕರೆದ ಪ್ರಕರಣ

ಈ ಪ್ರಕರಣದ ಹೆಂಗಸಿನ ವಯಸ್ಸು 50 ದಾಟಿತ್ತು. ಊರು ಹಳೆ ಮೈಸೂರು ಕಡೆಯ ಒಂದು ಹಳ್ಳಿ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹೆಸರೂ ಬೇಡ. ನಾನು ಕರೆಯುತ್ತಿದ್ದ ಹಾಗೆ ಅಕ್ಕ ಎಂದೇ ಬರೆಯುತ್ತೇನೆ. ಅವರು ನನ್ನನ್ನು ಡಾಕ್ಟ್ರಮ್ಮ ಅಂತಿದ್ದರು. ನಾನು ಡಾಕ್ಟರ್ ಅಲ್ಲ, ಆಕ್ಯುಪೇಷನಲ್ ಥೆರಪಿಸ್ಟ್. ಕಾಯಿಲೆ ಬಿದ್ದವರು ತಮ್ಮ ದಿನದ ಕೆಲಸಕ್ಕೆ ಮರಳಲು ಸಹಾಯ ಮಾಡುವುದು ನನ್ನ ಕೆಲಸ. ಇದನ್ನು ಎಷ್ಟು ಸಲ ಹೇಳಿದರೂ ಡಾಕ್ಟ್ರಮ್ಮ ಹೋಗಲಿಲ್ಲ, ನಾನೂ ಸುಮ್ಮನಾದೆ.

ಬಂದದ್ದು ಹೀಗೆ

ಅಕ್ಕನ ಮನೆಯಲ್ಲಿ ಎರಡು ಹಸು. ಒಂದು ಎಳೆ ಪ್ರಾಯದ ಸೀಮೆಹಸು, ಇನ್ನೊಂದು ವಯಸ್ಸಾದ ಮಿಶ್ರತಳಿ. ಮೂವತ್ತು ವರ್ಷದಿಂದ ಬೆಳಿಗ್ಗೆ ಸಂಜೆ ಹಾಲು ಕರೆಯುವುದು ಅವರೇ. ಡೇರಿಯ ಬಟವಾಡೆ ಅವರ ಖಾತೆಗೇ ಬರುತ್ತಿತ್ತು. ಮನೆಯಲ್ಲಿ ಅವರ ಮಾತಿಗೆ ತೂಕ ಇದ್ದದ್ದು ಅದರಿಂದಲೂ ಹೌದು.

ಒಂದು ಸಂಜೆ ಕೊಟ್ಟಿಗೆಯಿಂದ ಒಳಗೆ ಬರುವಾಗ ಎಡಭಾಗ ಜೋಮು ಹಿಡಿಯಿತು. ಬಾಯಿ ಸೊಟ್ಟಗಾಗಲಿಲ್ಲ, ಮಾತೂ ನಿಲ್ಲಲಿಲ್ಲ. ಹಾಗಾಗಿ ಯಾರಿಗೂ ಲಕ್ವ ಅನ್ನಿಸಲಿಲ್ಲ. ಎಣ್ಣೆ ತಿಕ್ಕಿ ಮಲಗಿಸಿದರು. ಮಾರನೇ ದಿನ ಮಧ್ಯಾಹ್ನ ಆಸ್ಪತ್ರೆಗೆ ಹೋದಾಗ ಹೆಪ್ಪು ಕರಗಿಸುವ ಇಂಜೆಕ್ಷನ್ನಿನ ಹೊತ್ತು ಮೀರಿತ್ತು. ಅದನ್ನು ಸಾಮಾನ್ಯವಾಗಿ ಲಕ್ವ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬಿಪಿ ಎಷ್ಟಿತ್ತು ಎಂದು ಕೇಳಿದರೆ, ಅಲ್ಲಿಯವರೆಗೆ ನೋಡಿಸಿಯೇ ಇರಲಿಲ್ಲ. ಎಂಆರ್‌ಐನಲ್ಲಿ ಮೆದುಳಿನ ಬಲಭಾಗದ ಥಲಾಮಸ್‌ನಲ್ಲಿ ಚಿಕ್ಕದೊಂದು ಕಲೆ ಕಂಡಿತು.

ಥಲಾಮಸ್ ಅಂದರೆ ಒಂದು ರೀತಿ ಅಂಚೆಕಚೇರಿ. ಎಡಗೈಯ ಚರ್ಮ, ಕೀಲು, ಸ್ನಾಯುಗಳಿಂದ ಹೊರಟ ಸುದ್ದಿ ಬಲಬದಿಯ ಥಲಾಮಸ್‌ಗೆ ಬಂದು, ಅಲ್ಲಿಂದ ಮೆದುಳಿನ ಮೇಲ್ಪದರಕ್ಕೆ ಹೋಗಬೇಕು. ಕೈಗೆ ಆಜ್ಞೆ ಕಳಿಸುವ ನರಗಳ ದಾರಿ ಬೇರೆ, ಅದು ಅಲ್ಲೇ ಪಕ್ಕದಲ್ಲಿ ಹಾದು ಹೋಗುತ್ತದೆ. ಅಕ್ಕನಿಗೆ ಆ ದಾರಿ ಹೆಚ್ಚುಕಮ್ಮಿ ಉಳಿದಿತ್ತು. ಅಂಚೆಕಚೇರಿ ಮಾತ್ರ ಮುಚ್ಚಿತ್ತು.

ನನ್ನ ಹತ್ತಿರ ಬಂದದ್ದು ಏಳು ವಾರದ ನಂತರ. ಅಷ್ಟರಲ್ಲಿ ಬೇರೆ ಕಡೆ ಒಂದು ತಿಂಗಳು ವ್ಯಾಯಾಮ ಆಗಿತ್ತು. ಗೋಡೆಗೆ ಬೆರಳು ಹತ್ತಿಸುವುದು, ಚಕ್ರ ತಿರುಗಿಸುವುದು, ದಿನಕ್ಕೆ ಇನ್ನೂರು ಸಲ ಮೆತ್ತನೆಯ ಚೆಂಡು ಹಿಸುಕುವುದು. ಕೈ ಚೆನ್ನಾಗಿ ಎದ್ದಿತ್ತು. 'ಇನ್ನೇನು ಸರಿಹೋಗಿದೆ, ಮನೆಗೆಲಸ ಮಾಡಿ' ಎಂದು ಹೇಳಿ ಕಳಿಸಿದ್ದರು. ಮನೆಗೆ ಹೋದ ಮೂರನೇ ದಿನ ಈಳಿಗೆಮಣೆ ಮುಂದೆ ಕೂತು ಬದನೆಕಾಯಿ ಹೆಚ್ಚಿದ್ದಾರೆ. ಬದನೆಕಾಯಿ ಹೋಳುಗಳು ಕೆಂಪಗಾಗಿದ್ದು ನೋಡಿದ ಮೇಲೆಯೇ ಎಡಗೈಯ ಬೆರಳು ಕೊಯ್ದಿದೆ ಎಂದು ಗೊತ್ತಾದದ್ದು.

ಅದಾದ ಮೇಲೆ ಹಸುವಿನ ಹತ್ತಿರ ಹೋದರು. ಯಾವತ್ತೂ ಕಾಲೆತ್ತದ ಹಳೆ ಹಸು ಜಾಡಿಸಿ ಒದೆಯಿತು. ಮಗ, ಹಸುಗಳನ್ನು ಮಾರಿಬಿಡೋಣ ಅಂದ. ನನ್ನ ಕೋಣೆಗೆ ಬಂದು ಕೂತಾಗ ಅಕ್ಕ ಕೈಯ ಬಗ್ಗೆ ಮಾತಾಡಲೇ ಇಲ್ಲ. ಹಸು ಒದ್ದ ಬಗ್ಗೆ ಮಾತ್ರ ಹೇಳಿದರು.

ಬಲ ಇತ್ತು, ಸುದ್ದಿ ಇರಲಿಲ್ಲ

ಲಕ್ವದ ನಂತರ ಕೈಯ ಚಲನೆಗೆ ಅಂಕ ಕೊಡುವ ಫುಗಲ್-ಮೇಯರ್ ಎನ್ನುವ ಪರೀಕ್ಷೆ ಇದೆ. ಅದರ ಚಲನೆಯ ಭಾಗಕ್ಕೆ ಒಟ್ಟು 66 ಅಂಕ. ಅಕ್ಕ 61 ತೆಗೆದರು. ಹಿಡಿತದ ಬಲ ಬಲಗೈಗೆ 24 ಕೆಜಿ, ಎಡಗೈಗೆ 19. ಇಷ್ಟೇ ನೋಡಿದ್ದರೆ ನಾನೂ ಮನೆಗೆ ಕಳಿಸುತ್ತಿದ್ದೆ.

ಕಣ್ಣು ಮುಚ್ಚಿಸಿದ ಮೇಲೆ ಕಥೆ ಬೇರೆಯಾಯಿತು. ಎಡಗೈಯ ತೋರುಬೆರಳನ್ನು ಮೇಲೆ ಅಥವಾ ಕೆಳಗೆ ಮಡಚಿ, ಯಾವ ಕಡೆ ಎಂದು ಕೇಳಿದೆ. ಹತ್ತರಲ್ಲಿ ನಾಲ್ಕು ಸರಿ. ಸುಮ್ನೆ ಬಾಯಿಗೆ ಬಂದದ್ದು ಹೇಳಿದರೂ ಐದು ಸರಿ ಬರಬೇಕು, ಅಲ್ವಾ? ಬೀಗದ ಕೈ, ನಾಣ್ಯ, ಗುಂಡಿ, ಒಣಮೆಣಸಿನಕಾಯಿ ಹೀಗೆ ಎಂಟು ಸಾಮಾನುಗಳನ್ನು ಒಂದೊಂದಾಗಿ ಅಂಗೈಯಲ್ಲಿ ಇಟ್ಟೆ. ಒಂದೇ ಒಂದನ್ನು ಗುರುತು ಹಿಡಿದರು. ಅದೂ ಮೆಣಸಿನಕಾಯಿ, ಅಲ್ಲಾಡಿಸಿದಾಗ ಬೀಜದ ಸದ್ದು ಬಂದದ್ದಕ್ಕೆ. ಈ ಸದ್ದಿನ ವಿಷಯವನ್ನು ನಾನು ಚೀಟಿಯಲ್ಲಿ ಬರೆದುಕೊಂಡೆ, ಆಮೇಲೆ ಮರೆತೆ. ನೆನಪಾಗಲು ಐದು ವಾರ ಬೇಕಾಯಿತು.

ಇನ್ನೊಂದು ಪರೀಕ್ಷೆ ತುಂಬ ಸುಲಭ, ಯಾರು ಬೇಕಾದರೂ ಮಾಡಬಹುದು. ಕಣ್ಣು ಮುಚ್ಚಿರುವಾಗ ಎಡಗೈಯನ್ನು ಎಲ್ಲಾದರೂ ಎತ್ತಿ ಹಿಡಿದು, ಬಲಗೈಯಿಂದ ಎಡ ಹೆಬ್ಬೆರಳನ್ನು ಹಿಡಿಯಲು ಹೇಳುವುದು. ಅಕ್ಕನ ಬಲಗೈ ಗಾಳಿಯಲ್ಲಿ ತಡಕಾಡಿತು, ಮೊಣಕೈ ಸಿಕ್ಕಿತು. ಅಲ್ಲಿಂದ ತೋಳು ಹಿಡಿದುಕೊಂಡೇ ಸವರುತ್ತ ಹೆಬ್ಬೆರಳವರೆಗೆ ಬಂದರು, ಕತ್ತಲಲ್ಲಿ ಗೋಡೆ ಹಿಡಿದು ನಡೆಯುವ ಹಾಗೆ. ಎಡಗೈ ಚಾಚಿ ಕಣ್ಣು ಮುಚ್ಚಿದರೆ ಬೆರಳುಗಳು ತಾವಾಗಿ ನಿಧಾನ ಏಳುತ್ತಿದ್ದವು, ಇಳಿಯುತ್ತಿದ್ದವು. ಅವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

"ಕೈ ಐತೆ ಕಣವ್ವ. ಆದ್ರೆ ಅದ್ರಿಂದ ಸುದ್ದಿನೇ ಬರಾಕಿಲ್ಲ," ಅಂದರು. ಇಡೀ ಫೈಲಿನಲ್ಲಿ ಇದಕ್ಕಿಂತ ಸರಿಯಾದ ರೋಗನಿರ್ಣಯ ಇರಲಿಲ್ಲ.

ಇನ್ನು ಹಸು ಯಾಕೆ ಒದೆಯಿತು? ಹಾಲು ಕರೆಯುವುದು ದೂರದಿಂದ ನೋಡಿದರೆ ಎಳೆಯುವ ಕೆಲಸ ಅನ್ನಿಸುತ್ತದೆ. ಎಳೆಯುವುದು ಅಲ್ಲ. ಹೆಬ್ಬೆರಳು ತೋರುಬೆರಳು ಮೊದಲು ತೊಟ್ಟಿನ ಬುಡವನ್ನು ಮುಚ್ಚಬೇಕು, ಹಾಲು ಕೆಚ್ಚಲಿಗೆ ವಾಪಸು ಹೋಗದ ಹಾಗೆ. ಆಮೇಲೆ ನಡುಬೆರಳು, ಉಂಗುರಬೆರಳು, ಕಿರುಬೆರಳು ಮೇಲಿನಿಂದ ಕೆಳಕ್ಕೆ ಒಂದರ ಹಿಂದೆ ಒಂದು ಒತ್ತಬೇಕು. ಕೊನೆಗೆ ಪೂರ್ತಿ ಸಡಿಲ ಬಿಡಬೇಕು, ತೊಟ್ಟು ಮತ್ತೆ ತುಂಬಿಕೊಳ್ಳಲು. ಅಷ್ಟರಲ್ಲಿ ಇನ್ನೊಂದು ಕೈ ಒತ್ತುತ್ತಿರುತ್ತದೆ. ಎಡ, ಬಲ, ಎಡ, ಬಲ.

ಅಕ್ಕನ ಎಡಗೈ ಎಲ್ಲ ಬೆರಳನ್ನೂ ಒಟ್ಟಿಗೆ ಬಿಗಿಯುತ್ತಿತ್ತು, ಮತ್ತೆ ಬಿಡುತ್ತಿರಲಿಲ್ಲ. ಬಿಟ್ಟಿದ್ದೇನೆ ಎಂದು ಅವರಿಗೆ ಅನ್ನಿಸುತ್ತಿತ್ತು. ಹಸುವಿಗೆ ಅದು ಹಿಂಡಿದ ಹಾಗೆ, ಚಿವುಟಿದ ಹಾಗೆ.

ನಾನು ತಪ್ಪಿದ್ದು

ಮೊದಲ ಎರಡು ವಾರ ಕನ್ನಡಿ ಇಟ್ಟೆ. ಬಲಗೈಯ ಬಿಂಬವನ್ನು ಎಡಗೈ ಎಂದು ನೋಡುತ್ತ ಆಡಿಸುವ ವಿಧಾನ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಕೈಕಾಲು ಕಳೆದುಕೊಂಡವರಿಗೆ ಬಳಸಿ, ಆಮೇಲೆ 1999ರಲ್ಲಿ ಲಕ್ವ ಆದವರಲ್ಲೂ ಪ್ರಯತ್ನಿಸಿದ್ದು. ಕೈ ಏಳದವರಿಗೆ ಇದರಿಂದ ಉಪಯೋಗ ಆಗುವುದನ್ನು ನಾನೇ ನೋಡಿದ್ದೇನೆ. ಅಕ್ಕನ ಕೈ ಏಳುತ್ತಿತ್ತು. ಅವರಿಗೆ ಬೇಡದ್ದನ್ನು ಕೊಟ್ಟೆ. ಎರಡನೇ ವಾರದ ಕೊನೆಗೆ ಅಕ್ಕನೇ ನಕ್ಕು, "ಚೆಂದಾಗದೆ, ಆದ್ರೆ ಇದ್ರಿಂದ ಹಸ ಹಾಲು ಕೊಟ್ಟದಾ?" ಅಂದರು.

ಎರಡನೇ ತಪ್ಪು ಇನ್ನೂ ದೊಡ್ಡದು, ಯಾಕೆಂದರೆ ಅದು ಪುಸ್ತಕದ ಪ್ರಕಾರ ಸರಿ. ಸ್ಪರ್ಶ ಇಲ್ಲದ ಕೈಯನ್ನು ಕಣ್ಣಿಂದ ನೋಡಿಕೊಂಡು ಕೆಲಸ ಮಾಡಿ ಎಂದು ನಾವೆಲ್ಲ ಹೇಳುತ್ತೇವೆ. ನಾನೂ ಹೇಳಿದೆ. ಒಂದು ಕೈಯ ಕೆಲಸದಲ್ಲಿ ಇದು ನಡೆಯಿತು. ಎಡಗೈಯಲ್ಲಿ ಲೋಟ ಎತ್ತುವಾಗ ನೋಡಿದರು, ಬೀಳಲಿಲ್ಲ. ಎರಡು ಕೈಯ ಕೆಲಸಕ್ಕೆ ಬಂದಾಗ ಕೆಟ್ಟಿತು. ಅಕ್ಕ ಎಡಗೈ ನೋಡುತ್ತಿದ್ದರೆ ಬಲಗೈ ಅರ್ಧಕ್ಕೆ ನಿಲ್ಲುತ್ತಿತ್ತು. ಬಲಗೈ ಶುರು ಮಾಡಿದರೆ ಎಡಗೈ ಬಿಗಿದುಕೊಳ್ಳುತ್ತಿತ್ತು. ನೋಟ ಒಂದು, ಕೈ ಎರಡು. ಅದೂ ಅಲ್ಲದೆ ಹಾಲು ಕರೆಯುವವರು ಕೈ ನೋಡುವುದೇ ಇಲ್ಲ. ಹಣೆಯನ್ನು ಹಸುವಿನ ಪಕ್ಕೆಗೆ ಆನಿಸಿ ಕೂರುತ್ತಾರೆ. ಕಣ್ಣು ಎಲ್ಲೋ ಇರುತ್ತದೆ.

ಕಣ್ಣನ್ನು ಊರುಗೋಲು ಮಾಡಿದಷ್ಟು ದಿನ ಎಡಗೈಗೆ ಸುದ್ದಿ ಕಳಿಸುವ ಅಗತ್ಯವೇ ಬೀಳುವುದಿಲ್ಲ ಎನ್ನುವುದೂ ನಿಧಾನಕ್ಕೆ ಹೊಳೆಯಿತು.

ಬಲಗೈ ಕಟ್ಟಿಹಾಕಿ ಎಡಗೈಯನ್ನೇ ಬಳಸುವಂತೆ ಮಾಡುವ ವಿಧಾನವೂ ನನ್ನ ತಲೆಯಲ್ಲಿತ್ತು. ಅದರ ಹಿಂದಿನ ಕಥೆ ನಮ್ಮ ಪ್ರಕರಣಕ್ಕೆ ಹತ್ತಿರದ್ದು. 1895ರಲ್ಲಿ ಮಾಟ್ ಮತ್ತು ಶೆರಿಂಗ್ಟನ್ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು ಮಂಗಗಳ ಒಂದು ಕೈಯ ಸ್ಪರ್ಶದ ನರಗಳನ್ನು ಮಾತ್ರ ಕತ್ತರಿಸಿ ನೋಡಿದರು. ಸ್ನಾಯುವಿಗೆ ಹೋಗುವ ನರ ಹಾಗೇ ಇತ್ತು. ಆದರೂ ಮಂಗ ಆ ಕೈಯನ್ನು ಬಳಸುವುದನ್ನೇ ಬಿಟ್ಟಿತು. ಎಷ್ಟೋ ದಶಕಗಳ ಮೇಲೆ ಅಮೆರಿಕದ ಎಡ್ವರ್ಡ್ ಟಾಬ್, ಒಳ್ಳೆಯ ಕೈಯನ್ನು ಕಟ್ಟಿದರೆ ಮಂಗ ಸ್ಪರ್ಶ ಇಲ್ಲದ ಕೈಯನ್ನೂ ಬಳಸುತ್ತದೆ ಎಂದು ತೋರಿಸಿದರು. ಲಕ್ವದ ರೋಗಿಗಳಿಗೆ ಕೈ ಕಟ್ಟುವ ಚಿಕಿತ್ಸೆ ಬಂದದ್ದು ಅಲ್ಲಿಂದ.

ನಾನು ಅದನ್ನು ಬೇಡ ಎಂದು ನಿರ್ಧರಿಸಿದೆ. ಅಕ್ಕ ಎಡಗೈಯನ್ನು ಬಿಟ್ಟಿರಲಿಲ್ಲ, ಬಳಸಿ ಬಳಸಿಯೇ ಬೆರಳು ಕೊಯ್ದುಕೊಂಡಿದ್ದರು. ಅವರಿಗೆ ಬೇಕಾದದ್ದು ಎರಡೂ ಕೈಯ ಜೋಡಿ. ಬಲಗೈಗೆ ಎಲ್ಲ ಗೊತ್ತಿತ್ತು. ಗೊತ್ತಿರುವ ಮೇಷ್ಟ್ರನ್ನು ಕಟ್ಟಿಹಾಕಿ ಪಾಠ ಹೇಳಿಸುವುದು ಹೇಗೆ?

ರಾಗಿಯೊಳಗೆ ಹುಣಸೆಬೀಜ

ಮೂರನೇ ವಾರದಿಂದ ದಾರಿ ಬದಲಿಸಿದೆವು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಲಿಯಾನ್ ಕ್ಯಾರಿ ಎಂಬ ಥೆರಪಿಸ್ಟ್ ಮತ್ತು ಅವರ ಜೊತೆಯವರು ಸ್ಪರ್ಶಕ್ಕೇ ತರಬೇತಿ ಕೊಡುವ ಕ್ರಮವನ್ನು ರೂಪಿಸಿ 2011ರಲ್ಲಿ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದ್ದರು. ತಿರುಳು ಇಷ್ಟು. ಕಣ್ಣು ಮುಚ್ಚಿ ಎಡಗೈಯಿಂದ ಮುಟ್ಟಿ ಊಹಿಸುವುದು. ಆಮೇಲೆ ಕಣ್ಣು ಬಿಟ್ಟು ನೋಡುವುದು. ಅದನ್ನೇ ಬಲಗೈಯಿಂದ ಮುಟ್ಟಿ, ಇದು ಹೀಗಿರಬೇಕು ಎಂದು ಮನಸ್ಸಿಗೆ ತಂದುಕೊಳ್ಳುವುದು. ಮತ್ತೆ ಎಡಗೈ. ಸುಲಭದಿಂದ ಕಷ್ಟಕ್ಕೆ.

ಸಾಮಾನು ಮಾತ್ರ ನಮ್ಮ ಅಡಿಗೆಮನೆಯದು. ಮೊದಲು ಗೋಣಿಚೀಲ ಮತ್ತು ರೇಷ್ಮೆ ಸೀರೆಯ ಸೆರಗು. ಆಮೇಲೆ ಅಕ್ಕಿ ಮತ್ತು ಹುರುಳಿ. ಕೊನೆಗೆ ಒಂದು ಬೋಗುಣಿ ರಾಗಿಯೊಳಗೆ ಐದು ಹುಣಸೆಬೀಜ ಹೂತಿಟ್ಟು ಎಡಗೈಯಿಂದ ಹುಡುಕುವುದು. ಮನೆಯಲ್ಲಿ ದಿನಕ್ಕೆ ಎರಡು ಸಲ, ಅರ್ಧರ್ಧ ಗಂಟೆ. ಮೊಮ್ಮಗಳು ಬೀಜ ಹೂಳುತ್ತಿದ್ದಳು. ಕೆಲವು ದಿನ ಬೇಕೆಂದೇ ನಾಲ್ಕೇ ಹೂತು ಅಜ್ಜಿಯನ್ನು ಸತಾಯಿಸುತ್ತಿದ್ದಳಂತೆ. ಅದಕ್ಕಿಂತ ಒಳ್ಳೆಯ ತರಬೇತಿ ನನ್ನಿಂದ ಸಾಧ್ಯವಿರಲಿಲ್ಲ.

ಚೆಂಡನ್ನು ನಿಲ್ಲಿಸಿದೆ. ಮನೆಯವರಿಗೆ ಇದು ಹಿಡಿಸಲಿಲ್ಲ. ಚೆಂಡು ಹಿಸುಕಿದರೆ ಕೈಗೆ ಶಕ್ತಿ ಬರುತ್ತದೆ ಎಂದು ಊರೆಲ್ಲ ನಂಬಿದೆ. ಆದರೆ ಅಕ್ಕನ ಕೈಗೆ ಕಡಿಮೆಯಾಗಿದ್ದದ್ದು ಶಕ್ತಿಯಲ್ಲ. ಸ್ವೀಡನ್ನಿನ ವಿಜ್ಞಾನಿಗಳಾದ ಯೊಹಾನ್ಸನ್ ಮತ್ತು ವೆಸ್ಟ್‌ಲಿಂಗ್ 1984ರಲ್ಲಿ ತೋರಿಸಿದ ವಿಷಯ ಇಲ್ಲಿ ಹೇಳಬೇಕು. ನಾವು ಏನನ್ನಾದರೂ ಎತ್ತಿದಾಗ ಜಾರದಿರಲು ಬೇಕಾದ್ದಕ್ಕಿಂತ ಸ್ವಲ್ಪವೇ ಜಾಸ್ತಿ ಬಲ ಹಾಕುತ್ತೇವೆ. ಎಷ್ಟು ಸ್ವಲ್ಪ ಎನ್ನುವುದನ್ನು ಬೆರಳ ತುದಿಯ ಚರ್ಮ ಹೇಳಿಕೊಡುತ್ತದೆ. ಬೆರಳನ್ನು ಮರಗಟ್ಟಿಸಿದರೆ ಈ ಲೆಕ್ಕ ತಪ್ಪುತ್ತದೆ, ಎಲ್ಲಿ ಜಾರುತ್ತದೋ ಎಂದು ಕೈ ಅತಿಯಾಗಿ ಬಿಗಿಯುತ್ತದೆ. ಮೊದಲೇ ಬಿಗಿಯುವ ಕೈಗೆ ನಾವು ದಿನಕ್ಕೆ ಇನ್ನೂರು ಸಲ ಬಿಗಿಯುವುದನ್ನೇ ಕಲಿಸಿದ್ದೆವು.

ಚೆಂಡಿನ ಬದಲು ಕಾಗದದ ಟೀ ಲೋಟ. ಅರ್ಧ ನೀರು ತುಂಬಿ ಎಡಗೈಯಲ್ಲಿ ಎತ್ತಿ, ನಜ್ಜುಗುಜ್ಜಾಗದಂತೆ ಬಲಗೈಗೆ ದಾಟಿಸಬೇಕು. ಮೊದಲ ದಿನ ಹನ್ನೊಂದು ಲೋಟ ಹಾಳಾದವು, ಸೀರೆ ಒದ್ದೆಯಾಯಿತು. ನಾಲ್ಕನೇ ವಾರದ ಕೊನೆಗೆ ಹತ್ತರಲ್ಲಿ ಏಳು ಲೋಟ ಉಳಿದವು.

ಮಧ್ಯೆ ಹತ್ತು ದಿನ ಎಲ್ಲ ನಿಂತಿತ್ತು. ತಣ್ಣೀರು ಮುಟ್ಟಿದರೆ ಎಡಗೈ ಉರಿಯುತ್ತದೆ ಅಂದರು. ಥಲಾಮಸ್‌ಗೆ ಪೆಟ್ಟು ಬಿದ್ದವರಲ್ಲಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಇಂಥ ನೋವು ಶುರುವಾಗುವುದುಂಟು. ಫ್ರಾನ್ಸಿನ ನರರೋಗ ವೈದ್ಯರಾದ ಡೆಜರೀನ್ ಮತ್ತು ರೂಸಿ 1906ರಲ್ಲೇ ಇದನ್ನು ವಿವರಿಸಿದ್ದಾರೆ. ನರರೋಗ ವೈದ್ಯರು ಮಾತ್ರೆ ಶುರು ಮಾಡಿದರು, ಉರಿ ತಹಬಂದಿಗೆ ಬಂತು. ಪೂರ್ತಿ ಹೋಗಲಿಲ್ಲ.

ಗ್ಲೌಸು, ಮತ್ತು ಆ ಬಕೆಟ್ಟು

ಐದನೇ ವಾರ ಎರಡು ಕೈಯ ಕೆಲಸಕ್ಕೆ ಇಳಿದೆವು. ಹೈನುಗಾರಿಕೆ ತರಬೇತಿಯಲ್ಲಿ ಹೊಸಬರಿಗೆ ಮಾಡಿಸುವ ಹಳೆಯ ಉಪಾಯ ಒಂದಿದೆ. ರಬ್ಬರ್ ಗ್ಲೌಸಿಗೆ ನೀರು ತುಂಬಿ, ಮಣಿಕಟ್ಟು ಬಿಗಿಯಾಗಿ ಕಟ್ಟಿ, ಎರಡು ಬೆರಳ ತುದಿಗೆ ಸೂಜಿಯಿಂದ ತೂತು ಮಾಡಿ ನೇತುಹಾಕುವುದು. ಅದೇ ಕೆಚ್ಚಲು. ನಡಿಗೆ ಕಲಿಸುವ ಕಂಬಿಗೆ ಕಟ್ಟಿದೆ. ಕೆಳಗೆ ಆಸ್ಪತ್ರೆಯ ನೀಲಿ ಪ್ಲಾಸ್ಟಿಕ್ ಬಕೆಟ್.

ಅಕ್ಕ ಮಣೆ ಹಾಕಿಕೊಂಡು ಕೂತರು. ಗ್ಲೌಸು ನೋಡಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕೈ ಹಾಕಿದರು. ಬಲಗೈಯ ಧಾರೆ ನೇರವಾಗಿ ಬಿತ್ತು. ಎಡಗೈಯದು ಒಮ್ಮೆ ಬಂತು, ಒಮ್ಮೆ ಹನಿ, ಒಮ್ಮೆ ಏನೂ ಇಲ್ಲ. ಹತ್ತು ನಿಮಿಷ ಒದ್ದಾಡಿ ನಿಲ್ಲಿಸಿದರು. ಬಕೆಟ್ಟಿನ ಕಡೆ ಬೆರಳು ಮಾಡಿ, "ಈ ಬಕೀಟು ಮೂಗಂದು. ತಗಡಿಂದು ಕೊಡವ್ವ," ಅಂದರು.

ನನಗೆ ಅರ್ಥವಾಗಲಿಲ್ಲ. ಅಡಿಗೆ ವಿಭಾಗದಿಂದ ಒಂದು ಸ್ಟೀಲ್ ಬಕೆಟ್ ತರಿಸಿದೆ. ಅಕ್ಕ ಮತ್ತೆ ಕೂತರು, ಈ ಸಲ ಮುಖವನ್ನು ಪಕ್ಕಕ್ಕೆ ತಿರುಗಿಸಿ ಕಣ್ಣು ಮುಚ್ಚಿದರು. ಬಲಗೈ, ಸರ್ರ್. ಎಡಗೈ, ಚಿರ್. ಬಲಗೈ, ಸರ್ರ್. ಎಡಗೈ, ಏನೂ ಇಲ್ಲ. ಅಲ್ಲೇ ನಿಂತು ಎಡಗೈ ಸಡಿಲ ಮಾಡಿ ಮತ್ತೆ ಹಿಡಿದರು. ಸರ್ರ್. ಒಳ್ಳೆಯ ಧಾರೆ ತಗಡಿಗೆ ಬಡಿದರೆ ಒಂದು ಸದ್ದು, ಕಳ್ಳ ಧಾರೆಗೆ ಇನ್ನೊಂದು. ಮೂವತ್ತು ವರ್ಷ ಆ ಸದ್ದು ಕೇಳಿದ ಕಿವಿ ಅವರದು. ಬೆರಳು ಹೇಳದ್ದನ್ನು ಬಕೆಟ್ಟು ಹೇಳುತ್ತಿತ್ತು. ಆಗ ನನಗೆ ಮೆಣಸಿನಕಾಯಿ ನೆನಪಾಯಿತು.

ಪ್ರಕರಣ ತಿರುಗಿದ್ದು ಇಲ್ಲಿ. ತಿರುಗಿಸಿದ್ದು ನಾನಲ್ಲ. ಕಣ್ಣು ಒಂದು ಕಡೆ ನೋಡಿದರೆ ಇನ್ನೊಂದು ಕಡೆ ಬಿಟ್ಟುಹೋಗುತ್ತದೆ. ಕಿವಿ ಹಾಗಲ್ಲ, ಎರಡೂ ಕೈಯ ಸುದ್ದಿಯನ್ನು ಸರದಿಯಲ್ಲಿ ಕೇಳಿಸಿಕೊಳ್ಳುತ್ತದೆ, ಕೆಲಸ ನಿಲ್ಲಿಸದೆ.

ಆದರೆ ಹೊಸ ತೊಡಕು ಬಂತು. ಎರಡು ಕೈ ಒಟ್ಟಿಗೆ ಒತ್ತಿದರೆ ಎಡಗೈ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಬಲಗೈ ಅದನ್ನು ಎಳೆದುಕೊಂಡು ಹೋದ ಹಾಗೆ. ಎಡ-ಬಲ ಎಂದು ಸರದಿಯಲ್ಲಿ ಒತ್ತಿದರೆ ತಡವರಿಸುತ್ತಿತ್ತು. ಇದು ಅಕ್ಕನಿಗೆ ಮಾತ್ರ ಆಗುವುದಲ್ಲ. ಎರಡೂ ತೋರುಬೆರಳನ್ನು ಒಂದಾದ ಮೇಲೊಂದು ಆಡಿಸುತ್ತ ವೇಗ ಹೆಚ್ಚಿಸುತ್ತ ಹೋಗಿ, ಒಂದು ಹಂತದಲ್ಲಿ ಅವು ತಾವಾಗಿ ಜೊತೆಜೊತೆಗೆ ಆಡತೊಡಗುತ್ತವೆ. ವಿಜ್ಞಾನಿ ಸ್ಕಾಟ್ ಕೆಲ್ಸೊ 1980ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು. ಒಟ್ಟಿಗೆ ಆಡುವುದು ಕೈಗಳಿಗೆ ಸುಲಭ, ಸರದಿ ಕಷ್ಟ.

ಹಾಗಾದರೆ ಒಟ್ಟಿಗೇ ಕರೆಯಲಿ ಬಿಡಿ ಎನ್ನಬಹುದಿತ್ತು. ನಾನೂ ಹಾಗೇ ಅಂದುಕೊಂಡೆ. ಒಟ್ಟಿಗೆ ಒತ್ತಿದಾಗ ಎರಡು ಧಾರೆಯ ಸದ್ದೂ ಬೆರೆತು ಒಂದಾಗುತ್ತದೆ. ಎಡಗೈ ಕಳ್ಳಾಟ ಆಡಿದರೂ ಬಲಗೈಯ ಸರ್ರ್‌ನಲ್ಲಿ ಮುಚ್ಚಿಹೋಗುತ್ತದೆ. ಕೈಗೆ ಸುಲಭವಾದದ್ದು ಕಿವಿಗೆ ಕುರುಡು. ಮೂರು ದಿನ ಯೋಚಿಸಿ ಹೀಗೆ ಮಾಡಿದೆವು. ಶುರುವಿನ ಇಪ್ಪತ್ತು ಸಲ ಒಟ್ಟಿಗೆ, ಎಡಗೈಗೆ ದಾರಿ ನೆನಪಾಗಲು. ಆಮೇಲೆ ಸರದಿ, ಬಾಯಲ್ಲಿ ಎಡಾ ಬಲಾ ಎಂದು ಹೇಳಿಕೊಳ್ಳುತ್ತ, ನಿಧಾನವಾಗಿ. ಸದ್ದು ತಪ್ಪಿದರೆ ಮತ್ತೆ ಒಟ್ಟಿಗೆ. ಎಡಗೈ ಕೆಳಗೆ ಒಂದು ಸ್ಟೀಲ್ ಚೊಂಬು, ಬಲಗೈ ಕೆಳಗೆ ಆ ಮೂಗ ಬಕೆಟ್ಟು ಇಟ್ಟೂ ಕೆಲವು ದಿನ ಮಾಡಿಸಿದೆ.

ಕೊಟ್ಟಿಗೆಯಲ್ಲಿ

ಎಂಟನೇ ವಾರ ನಿಜವಾದ ಹಸು. ಈ ನಿರ್ಧಾರಕ್ಕೆ ನಾನು ಹೆದರಿದ್ದೆ. ಒದ್ದರೆ ಅಕ್ಕನಿಗೆ ಪೆಟ್ಟು, ಹಿಂಡಿದರೆ ಹಸುವಿಗೆ. ತೊಟ್ಟಿಗೆ ಗಾಯವಾದರೆ ಕೆಚ್ಚಲು ಬಾವು ಬರಬಹುದು. ಹಸು ನಮ್ಮ ಚಿಕಿತ್ಸೆಯ ಸಾಮಾನಲ್ಲ. ಪಶುವೈದ್ಯರ ಹತ್ತಿರ ಮಾತಾಡಿ ಮೂರು ಕಟ್ಟುಪಾಡು ಹಾಕಿಕೊಂಡೆವು. ಹಳೆ ಹಸು ಮಾತ್ರ, ಮುಂದಿನ ಎರಡು ತೊಟ್ಟು ಮಾತ್ರ, ಹಸು ಒಂದು ಸಲ ಕಾಲೆತ್ತಿದರೆ ಆವತ್ತಿಗೆ ಸಾಕು.

ಹೊತ್ತಿನ ಲೆಕ್ಕವೂ ಇತ್ತು. ಕೆಚ್ಚಲು ತೊಳೆದು ಸವರಿದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಹರಿದು ಹಾಲು ಇಳಿಯುತ್ತದೆ. ಅದರ ಪ್ರಭಾವ ಕೆಲವೇ ನಿಮಿಷ. ಅಷ್ಟರಲ್ಲಿ ಕರೆದು ಮುಗಿಸಬೇಕು. ಹಸು ಹೆದರಿದರೆ ಇಳಿದ ಹಾಲೂ ನಿಲ್ಲುತ್ತದೆ. ನಿಧಾನದ ಕೈಗೆ ಇದು ಕಷ್ಟ. ಸೊಸೆ ಮೊದಲು ಕರೆದು, ಉಳಿದದ್ದನ್ನು ಅತ್ತೆ ಕರೆಯಲಿ ಎಂಬುದು ಮನೆಯವರ ಯೋಚನೆ. ಅಕ್ಕ ಒಪ್ಪಲಿಲ್ಲ. ಅವರಿಗೆ ಖಾಲಿ ಬಕೆಟ್ಟು ಬೇಕಿತ್ತು. ಹಾಗಾಗಿ ಅಕ್ಕ ಮೊದಲು, ಐದು ನಿಮಿಷ. ಆಮೇಲೆ ಹಿಂದಿನ ತೊಟ್ಟುಗಳಿಗೆ ಸೊಸೆ.

ಮೊದಲ ಸಂಜೆ ನಾನೂ ಹೋಗಿದ್ದೆ. ಬೂಸಾ ಇಟ್ಟು, ಕರು ಬಿಟ್ಟು ಕಟ್ಟಿ, ಬೆರಳಿಗೆ ಹರಳೆಣ್ಣೆ ಸವರಿಕೊಂಡು ಅಕ್ಕ ಕುಕ್ಕರಗಾಲಲ್ಲಿ ಕೂತರು. ಹಣೆ ಹಸುವಿನ ಪಕ್ಕೆಗೆ ಆನಿಸಿದರು. ಒದೆಯುವ ಮೊದಲು ಹಸುವಿನ ಪಕ್ಕೆ ಬಿಗಿಯುತ್ತದಂತೆ, ಹಣೆಗೆ ಗೊತ್ತಾಗುತ್ತದಂತೆ. ಕೈಗೆ ಇಲ್ಲದ ಸುದ್ದಿ ಹಣೆಗೆ ಬರುತ್ತಿತ್ತು, ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಧಾರೆ ತಗಡಿಗೆ ಬಡಿಯತೊಡಗಿತು. ಎಡಗೈ ಹಿಂದೆ ಬಿತ್ತು, ಸರಿಹೋಯಿತು, ಮತ್ತೆ ಬಿತ್ತು. ಹಸು ಬಾಲ ಬೀಸಿತು, ಕಾಲು ಎತ್ತಲಿಲ್ಲ.

ಎರಡು ನಿಮಿಷವಾಗುತ್ತಿದ್ದ ಹಾಗೆ ಎಡಗೈ ಕೆಟ್ಟಿತು. ಸುಸ್ತು ಎಂದುಕೊಂಡೆ. ನಾಲ್ಕು ದಿನವೂ ಅದೇ ಹೊತ್ತಿಗೆ ಕೆಟ್ಟಿತು. ಕಾರಣ ಬಕೆಟ್ಟಿನೊಳಗೇ ಇತ್ತು. ಹಾಲು ಏರಿದಂತೆ ನೊರೆ ಏಳುತ್ತದೆ. ನೊರೆಯ ಮೇಲೆ ಬಿದ್ದ ಧಾರೆಗೆ ಆ ಸದ್ದಿಲ್ಲ, ಬರೀ ಸೊರ್ ಸೊರ್. ಗ್ಲೌಸಿನ ನೀರಿಗೆ ನೊರೆ ಇರಲಿಲ್ಲ, ಹಾಗಾಗಿ ನಮಗೆ ಇದು ಗೊತ್ತಾಗಿರಲಿಲ್ಲ.

ಮೊದಲು ಸುಲಭದ ಪರಿಹಾರ ಮಾಡಿದೆವು. ನೊರೆ ಬಂದ ಕೂಡಲೇ ಹಾಲನ್ನು ಕ್ಯಾನಿಗೆ ಸುರಿದು ಖಾಲಿ ಬಕೆಟ್ಟು ಇಡುವುದು. ಕೆಲಸ ನಡೆಯಿತು. ಒಂದು ವಾರದ ಮೇಲೆ ಅನ್ನಿಸಿತು, ಕಣ್ಣಿನ ಊರುಗೋಲು ಬಿಡಿಸಿ ಕಿವಿಯ ಊರುಗೋಲು ಕೊಟ್ಟೆನಲ್ಲ. ಹೊರಗಿನ ಸುದ್ದಿ ಸದಾ ಸಿಗುತ್ತಿದ್ದರೆ ಒಳಗಿನ ಸುದ್ದಿಗೆ ಮೆದುಳು ಕಿವಿಗೊಡುವುದಿಲ್ಲ. ನೊರೆ ಕೆಟ್ಟದ್ದಲ್ಲ, ಸದ್ದನ್ನು ನಿಧಾನಕ್ಕೆ ಕಡಿಮೆ ಮಾಡುವ ಏರ್ಪಾಡು ಅದು, ಪುಕ್ಕಟೆ ಸಿಕ್ಕಿದ್ದು. ಆಮೇಲಿಂದ ಬಕೆಟ್ಟು ಬದಲಿಸುವುದನ್ನು ದಿನಕ್ಕೆ ಅರ್ಧ ನಿಮಿಷ ತಡಮಾಡುತ್ತ ಹೋದೆವು. ಸದ್ದು ಕುಗ್ಗಿದಾಗ ಬೆರಳಿನ ಕಡೆ ಗಮನ ಕೊಡಿ, ತೊಟ್ಟು ತುಂಬಿಕೊಂಡಿತಾ ಎಂದು ಕೇಳಿಕೊಳ್ಳಿ ಎಂದೆ. ಹನ್ನೊಂದನೇ ವಾರ ಒಂದು ಬೆಳಿಗ್ಗೆ ಅಕ್ಕ ಫೋನ್ ಮಾಡಿದರು. "ತೊಟ್ಟು ತುಂಬ್ಕಂಡಿದ್ದು ಬೆರಳ್ಗೆ ತಿಳೀತು ಕಣವ್ವ. ಪೂರ್ತಿ ಅಲ್ಲ. ಗೋಡೆ ಆಚೆ ಯಾರೋ ಮಾತಾಡ್ದಂಗೆ."

ಸಿಕ್ಕಿದ್ದು, ಸಿಗದ್ದು

ಹನ್ನೆರಡು ವಾರ ಮುಗಿದಾಗ ಮತ್ತೆ ಪರೀಕ್ಷೆ ಮಾಡಿದೆ. ಬೆರಳು ಮೇಲೋ ಕೆಳಗೋ ಎನ್ನುವುದು ಹತ್ತರಲ್ಲಿ ಎಂಟು. ಮುಟ್ಟಿ ಗುರುತಿಸುವುದು ಎಂಟರಲ್ಲಿ ನಾಲ್ಕು, ಮೆಣಸಿನಕಾಯಿ ಬಿಟ್ಟು. ಹಿಡಿತದ ಬಲ ಹೆಚ್ಚೇನೂ ಬದಲಾಗಲಿಲ್ಲ, 20 ಕೆಜಿ. ಚಲನೆಯ ಅಂಕ 61ರಿಂದ 63ಕ್ಕೆ ಬಂತು. ಮೊದಲ ದಿನದಿಂದ ಈ ಎರಡು ಅಂಕಿಗಳನ್ನೇ ನೋಡಿದ್ದವರಿಗೆ ಏನೂ ಆಗಿಲ್ಲ ಅನ್ನಿಸಬಹುದು.

ಹಳೆ ಹಸುವಿನ ನಾಲ್ಕೂ ತೊಟ್ಟನ್ನು ಈಗ ಅಕ್ಕನೇ ಕರೆಯುತ್ತಾರೆ. ಮೊದಲು ಆರು ನಿಮಿಷ ಹಿಡಿಯುತ್ತಿದ್ದದ್ದು ಈಗ ಹತ್ತು. ಸರದಿಯ ವೇಗ ಒಂದು ಮಟ್ಟ ದಾಟಿದರೆ ಕೈಗಳು ಈಗಲೂ ಜೊತೆಗೂಡಿಬಿಡುತ್ತವೆ. ಎಳೆ ಸೀಮೆಹಸು ಅವರನ್ನು ಹತ್ತಿರ ಸೇರಿಸಲಿಲ್ಲ. ಎರಡು ಸಲ ನೋಡಿ ನಾವೇ ಬಿಟ್ಟೆವು, ಅದನ್ನು ಸೊಸೆ ನೋಡಿಕೊಳ್ಳುತ್ತಾಳೆ. ಈಳಿಗೆಮಣೆಯಲ್ಲಿ ಹೆಚ್ಚುವುದು ಬೇಡ ಎಂದು ನಾನು ಹೇಳಿದ್ದು ಇವತ್ತಿಗೂ ಜಾರಿಯಲ್ಲಿದೆ. ಅಲ್ಲಿ ತಪ್ಪಿದರೆ ಸದ್ದು ಬರುವುದಿಲ್ಲ, ರಕ್ತ ಬರುತ್ತದೆ. ಬಸ್ಸಿನಲ್ಲಿ ಕಂಬಿ ಹಿಡಿಯುವುದು ಬಲಗೈಯಲ್ಲೇ. ಚಳಿಗಾಲದ ಬೆಳಿಗ್ಗೆ ಕೈ ಉರಿಯುತ್ತದೆ.

ಇದು ಒಬ್ಬರ ಕಥೆ. ಏಳು ವಾರದಲ್ಲಿ ಮೆದುಳು ತಾನಾಗಿ ಚೇತರಿಸಿಕೊಳ್ಳುವುದೂ ನಡೆಯುತ್ತಲೇ ಇರುತ್ತದೆ, ಎಷ್ಟು ಪಾಲು ತರಬೇತಿಯದು ಎಂದು ಬಿಡಿಸಿ ಹೇಳಲಾಗದು. ಎಲ್ಲರಿಗೂ ಬಕೆಟ್ಟು ಕೊಡಿ ಎನ್ನುವುದು ನನ್ನ ವಾದವಲ್ಲ. ಎಷ್ಟೋ ಕೆಲಸಗಳಿಗೆ ಸದ್ದೇ ಇಲ್ಲ. ಆದರೆ ಕೈ ಎದ್ದಿದೆ, ಕೆಲಸಕ್ಕೆ ಬರುತ್ತಿಲ್ಲ ಎನ್ನುವವರು ಬಂದರೆ ನಾನೀಗ ಮೊದಲ ಹತ್ತು ನಿಮಿಷದಲ್ಲೇ ಕಣ್ಣು ಮುಚ್ಚಿಸಿ ಹೆಬ್ಬೆರಳು ಹುಡುಕಿಸುತ್ತೇನೆ. ಮತ್ತೆ, ನಿಮ್ಮ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದು ನಿಮಗೆ ಮೊದಲು ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳುತ್ತೇನೆ. ಟೈಲರ್ ಒಬ್ಬರು ಬಟ್ಟೆ ಎಳೆತ ಎಂದರು, ಬಾಣಸಿಗರೊಬ್ಬರು ವಾಸನೆ ಎಂದರು.

ಎಂಟು ತಿಂಗಳ ಮೇಲೆ ಅಕ್ಕ ಬಿಪಿ ತೋರಿಸಲು ಬಂದವರು ನನ್ನ ಕೋಣೆಗೂ ಬಂದರು. ಸೆರಗಿನ ಗಂಟಿನಿಂದ ಡೇರಿಯ ಪಾಸ್‌ಪುಸ್ತಕ ತೆಗೆದರು, ಎಡಗೈಯಿಂದ. ಗಂಟು ಬಿಚ್ಚಲು ಬಲಗೈಯೂ ಬೇಕಾಯಿತು. ಲಕ್ವ ಆದ ತಿಂಗಳ ಹಾಳೆಯಲ್ಲಿ ಬೆಳಗಿನ ಸಾಲುಗಳು ಒಂದೂವರೆ, ಎರಡು ಲೀಟರಿಗೆ ಇಳಿದಿದ್ದವು, ಕೆಲವು ಖಾಲಿ. ಕೊನೆಯ ಹಾಳೆಯಲ್ಲಿ ಬೆರಳಿಟ್ಟು ತೋರಿಸಿದರು. ಬೆಳಿಗ್ಗೆ ನಾಲ್ಕೂವರೆ ಲೀಟರ್, ಸಂಜೆ ಮೂರು ಮುಕ್ಕಾಲು. ಫ್ಯಾಟು 4.1.

"ಫ್ಯಾಟು ಮದ್ಲಿಗಿಂತ ಜಾಸ್ತಿ ಐತೆ ನೋಡು," ಅಂದರು. ಕೊನೆಯ ಹಾಲಿನಲ್ಲೇ ಕೊಬ್ಬು ಜಾಸ್ತಿ. ಅಂದರೆ ಕೆಚ್ಚಲನ್ನು ಪೂರ್ತಿ ಬರಿದು ಮಾಡುತ್ತಿದ್ದರು.